ಡಾಕ್ಟರಿಕೆಗೆ ಮುಂಚಿನ ನಾಲ್ಕು ವರ್ಷ

ಮಕ್ಕಳೋ ಮೊಮ್ಮಕ್ಕಳೋ ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮ ಸಣ್ಣ ಊರುಗಳಲ್ಲೂ ಇವೆ. ಅಲ್ಲಿಂದ ಫೋನು ಮಾಡಿದ ಮೊಮ್ಮಗಳು "ಕಾಲೇಜು ಸೇರಿದೆ ಅಜ್ಜಿ, ಪ್ರಿಮೆಡ್ ಮಾಡ್ತಿದ್ದೀನಿ" ಅಂದರೆ, ಇಲ್ಲಿ ಅಜ್ಜಿ "ಅಂತೂ ಡಾಕ್ಟ್ರ ಓದು ಶುರುವಾಯ್ತಲ್ಲ ಪುಟ್ಟಿ" ಎಂದು ಹಿಗ್ಗುತ್ತಾರೆ. "ಇನ್ನೂ ಇಲ್ಲ ಅಜ್ಜಿ, ಅದು ಇನ್ನು ನಾಲ್ಕು ವರ್ಷ ಆದ್ಮೇಲೆ." "ಮತ್ತೆ ಈಗ ಓದ್ತಿರೋದು ಏನು?" ಅಜ್ಜಿಯ ಈ ಪ್ರಶ್ನೆ ಬಹಳ ಸರಿಯಾದದ್ದು. ಆ ನಾಲ್ಕು ವರ್ಷ ಏತಕ್ಕೆ, ಅದನ್ನು ಹೇಗೆ ಕಳೆಯಬೇಕು ಎಂಬುದೇ ಇವತ್ತಿನ ನನ್ನ ಮಾತು.

ನಮ್ಮಲ್ಲಿ ದಾರಿ ನೇರವಾಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ನೀಟ್ ಬರೆದು, ಸೀಟು ಸಿಕ್ಕರೆ ಹದಿನೆಂಟರ ಹುಡುಗಿ ಎಂಬಿಬಿಎಸ್ ತರಗತಿಯಲ್ಲಿ ಕೂರುತ್ತಾಳೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ಇಪ್ಪತ್ತನಾಲ್ಕರ ಹೊತ್ತಿಗೆ ಡಾಕ್ಟರ್. ಅಮೆರಿಕದಲ್ಲಿ ಹಾಗಲ್ಲ. ಹನ್ನೆರಡನೆಯ ತರಗತಿ ಆದಮೇಲೆ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲು, ಅದರ ಮೇಲೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಕಲಿಯುವ, ಕಡಿಮೆಯೆಂದರೂ ಮೂರು ವರ್ಷದ ರೆಸಿಡೆನ್ಸಿ. ಪ್ರಿಮೆಡ್ ಎನ್ನುವುದು ಪದವಿಯಲ್ಲ, ಓದುವ ವಿಷಯವೂ ಅಲ್ಲ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುತ್ತೇನೆ ಎಂಬ ಸಂಕಲ್ಪಕ್ಕೆ ಇಟ್ಟ ಹೆಸರು. ಇತಿಹಾಸ ಓದುವವಳೂ ಪ್ರಿಮೆಡ್ ಆಗಬಹುದು, ಸಂಗೀತ ಓದುವವನೂ ಆಗಬಹುದು. ಆದರೆ ನಮ್ಮಲ್ಲಿಂದ ಹೋಗಿ ನೆಲೆಸಿದ ಮನೆಗಳಲ್ಲಿ ಈ ನಾಲ್ಕು ವರ್ಷವನ್ನು ಉದ್ದ ಎಳೆದ ಪಿಯುಸಿಯಂತೆ ಕಾಣುವುದೇ ಹೆಚ್ಚು. ಯಾವ ವಿಷಯ ತೆಗೆದುಕೊಂಡರೆ ಅನುಕೂಲ, ಎಷ್ಟು ಬೇಗ ಮುಗಿಸಬಹುದು, ಅರ್ಜಿಯಲ್ಲಿ ಏನೇನು ತೋರಿಸಬೇಕು — ಲೆಕ್ಕವೆಲ್ಲ ಅರ್ಜಿಯ ಕಡೆಯಿಂದಲೇ ಶುರು. ನಾನು ಹೇಳಹೊರಟಿರುವುದು ಇದಕ್ಕೆ ವಿರುದ್ಧವಾದದ್ದು. ಈ ವರ್ಷಗಳಿಗೆ ಯೋಜನೆ ಬೇಕೇ ಬೇಕು. ಆದರೆ ಒಳ್ಳೆಯ ಯೋಜನೆ ಎಂದರೆ ಅವಸರವಿಲ್ಲದ ಯೋಜನೆ. ಅದು ಮನಸ್ಸಿಗೆ ಹಿತ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಅಂಕಗಳ ಲೆಕ್ಕ, ಪರೀಕ್ಷೆಯ ಸ್ವರೂಪ, ಆಯ್ಕೆಯ ರೀತಿ ಎಲ್ಲವೂ ಅದನ್ನೇ ಹೇಳುತ್ತವೆ.

ಮೊದಲಿಗೆ, ಈ ನಾಲ್ಕು ವರ್ಷ ಹುಟ್ಟಿದ್ದು ಹೇಗೆ ಎಂದು ನೋಡೋಣ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹೈಸ್ಕೂಲು ಮುಗಿಸದವರೂ ದುಡ್ಡು ಕಟ್ಟಿ ವೈದ್ಯಶಾಲೆ ಸೇರಬಹುದಿತ್ತು. 1893ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆ ಬಾಗಿಲು ತೆರೆದಾಗ ಪದವಿ ಇಲ್ಲದವರಿಗೆ ಪ್ರವೇಶವಿಲ್ಲ ಎಂದಿತು. ಈ ನಿಯಮದ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ. ಶಾಲೆ ತೆರೆಯಲು ಹಣ ಸಾಲದೆ ಬಂದಾಗ ದೊಡ್ಡ ಮೊತ್ತ ಕೊಟ್ಟ ಮೇರಿ ಎಲಿಜಬೆತ್ ಗ್ಯಾರೆಟ್, ಹೆಂಗಸರಿಗೂ ಗಂಡಸರಷ್ಟೇ ಸಮಾನವಾಗಿ ಪ್ರವೇಶ ಕೊಡಬೇಕು, ಬರುವವರು ಪದವಿ ಓದಿ ಬರಬೇಕು ಎಂದು ಷರತ್ತು ಹಾಕಿದಳು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್, ತಾನು ವೈದ್ಯನಲ್ಲದಿದ್ದರೂ, ಅಮೆರಿಕ ಮತ್ತು ಕೆನಡಾದ 155 ವೈದ್ಯಶಾಲೆಗಳನ್ನು ಸುತ್ತಿ ನೋಡಿ ವರದಿ ಬರೆದ. ಹಾಪ್‌ಕಿನ್ಸ್ ಅವನಿಗೆ ಮಾದರಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರಗಳ ಅಡಿಪಾಯ ಹಾಕಿಕೊಂಡೇ ವೈದ್ಯಕೀಯಕ್ಕೆ ಬರಬೇಕು ಎಂಬ ವಾದ ಆ ವರದಿಯಿಂದ ಗಟ್ಟಿಯಾಯಿತು. ಕಳಪೆ ಶಾಲೆಗಳು ಮುಚ್ಚಿದವು, ಅದು ಒಳಿತು. ಕರಿಯರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಹೊವರ್ಡ್ ಮತ್ತು ಮೆಹ್ಯಾರಿ ಎರಡೇ ಉಳಿದವು, ಅದು ಇಂದಿಗೂ ಮಾಯದ ಗಾಯ. ಅಂತೂ ಈ ಕಾಲೇಜು ಓದಿನ ಮೂಲ ಉದ್ದೇಶ ಇಷ್ಟು: ವೈದ್ಯಕೀಯ ಕಲಿಯಲು ಬರುವವರು ಅಷ್ಟರಲ್ಲೇ ಚೆನ್ನಾಗಿ ಓದಿದ, ವಿಚಾರ ಮಾಡಬಲ್ಲ ಮನುಷ್ಯರಾಗಿರಲಿ. ಜರಡಿ ಹಿಡಿಯುವ ಕೆಲಸ ಆಮೇಲೆ ಬಂದು ಸೇರಿಕೊಂಡಿತು.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಮೆಡಿಕಲ್ ಸ್ಕೂಲುಗಳು ಕೇಳುವುದು ಒಂದೊಂದು ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ. ಎಲ್ಲಕ್ಕೂ ಪ್ರಯೋಗಾಲಯ ಜೊತೆಗಿರಬೇಕು. ಮೇಲೆ ಒಂದು ಸೆಮಿಸ್ಟರ್ ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಬರವಣಿಗೆಯ ಒಂದೆರಡು ತರಗತಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಗೆ ಬೇಕಾದ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರ. ಪದವಿಗೆ ಬೇಕಾದ ಸುಮಾರು 120 ಕ್ರೆಡಿಟ್‌ಗಳಲ್ಲಿ ಇವೆಲ್ಲ ಸೇರಿ 50ರ ಆಸುಪಾಸು. ಅರ್ಧಕ್ಕಿಂತ ಕಡಿಮೆ ಎಂಬುದನ್ನು ಗಮನಿಸಬೇಕು. ಇವುಗಳಲ್ಲಿ ರಸಾಯನಶಾಸ್ತ್ರದ್ದು ಮಾತ್ರ ಒಂದು ಸರಪಳಿ: ಸಾಮಾನ್ಯ ಮುಗಿಯದೆ ಸಾವಯವ ಇಲ್ಲ, ಸಾವಯವ ಮುಗಿಯದೆ ಜೀವರಸಾಯನ ಇಲ್ಲ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ ಶುರು ಮಾಡಿದರೂ ಜೀವರಸಾಯನ ಬರುವುದು ಐದನೆಯ ಸೆಮಿಸ್ಟರಿಗೆ. ಎಂಕ್ಯಾಟ್ ಪರೀಕ್ಷೆಗೆ ಅದು ಬೇಕು. ಪದವಿ ಮುಗಿದ ವರ್ಷವೇ ಮೆಡಿಕಲ್ ಸ್ಕೂಲು ಸೇರಬೇಕೆಂದರೆ ಮೂರನೆಯ ವರ್ಷ ಮುಗಿಯುತ್ತಿದ್ದಂತೆ, ಜೂನ್ ತಿಂಗಳ ಹೊತ್ತಿಗೆ ಅರ್ಜಿ ಹೋಗಬೇಕು; ಅಷ್ಟರಲ್ಲಿ ಎಂಕ್ಯಾಟ್ ಆಗಿರಬೇಕು. ನಾಲ್ಕನೆಯ ವರ್ಷ ಸಂದರ್ಶನಗಳ ವರ್ಷ. ಅಂದರೆ ಆಯ್ಕೆ ಮಾಡುವವರ ಕಣ್ಣಿಗೆ ಬೀಳುವ ನಾಲ್ಕು ವರ್ಷ ನಿಜವಾಗಿ ಮೂರೇ. ಅವಸರದ ಯೋಜನೆಯೆಲ್ಲ ಹುಟ್ಟುವುದು ಇಲ್ಲಿ. ಮೂರು ವರ್ಷದೊಳಗೆ ಎಲ್ಲ ತುರುಕಬೇಕೆಂದು ಹುಡುಗರು ಮೊದಲ ಸೆಮಿಸ್ಟರಿಗೇ ರಸಾಯನ, ಜೀವಶಾಸ್ತ್ರ, ಕ್ಯಾಲ್ಕುಲಸ್ ಮೂರನ್ನೂ ಒಟ್ಟಿಗೆ ಹೊತ್ತುಕೊಳ್ಳುತ್ತಾರೆ.

ಹೊತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಕಾಗದ ಪೆನ್ನು ಹಿಡಿದು ನೋಡಬಹುದು. ನಾಲ್ಕು ಕ್ರೆಡಿಟ್ಟಿನ ನಾಲ್ಕು ವಿಷಯ ಎಂದಿಟ್ಟುಕೊಳ್ಳಿ. 'ಎ' ಬಂದರೆ 4 ಅಂಕ, 'ಬಿ' ಬಂದರೆ 3, 'ಸಿ' ಬಂದರೆ 2. ಒಂದೇ ಕಷ್ಟದ ವಿಷಯ ತೆಗೆದುಕೊಂಡು ಅದರಲ್ಲಿ 'ಸಿ' ಬಂದು, ಉಳಿದ ಮೂರರಲ್ಲಿ 'ಎ' ಬಂದರೆ ಸರಾಸರಿ, ಅಂದರೆ ಜಿಪಿಎ, 3.5. ಮುಂದಿನ ಸೆಮಿಸ್ಟರಿನಲ್ಲಿ ಎಲ್ಲ 'ಎ' ತೆಗೆದರೆ 3.75ಕ್ಕೆ ಏರಿತು, ಎಡವಿದವಳು ಎದ್ದು ನಿಂತಳು. ಅದೇ ಮೂರು ಕಷ್ಟದ ವಿಷಯ ಒಟ್ಟಿಗೆ ತೆಗೆದುಕೊಂಡು ಮೂರರಲ್ಲೂ 'ಸಿ', ಉಳಿದ ಒಂದರಲ್ಲಿ 'ಎ' ಬಂದರೆ ಜಿಪಿಎ 2.5. ಅಲ್ಲಿಂದ 3.75 ಮುಟ್ಟಬೇಕಾದರೆ ಮುಂದಿನ ಐದು ಸೆಮಿಸ್ಟರಿನಲ್ಲಿ ಒಂದು 'ಬಿ' ಕೂಡ ಬರದಂತೆ ಓದಬೇಕು. ಆರನೆಯ ಸೆಮಿಸ್ಟರು ಮುಗಿಯುವ ದಿನ ಆ ಅಂಕಿ ಕೈಗೆ ಬರುತ್ತದೆ, ಅದೇ ಅರ್ಜಿ ಹಾಕುವ ಹೊತ್ತು. ಈಚಿನ ವರ್ಷಗಳಲ್ಲಿ ಪ್ರವೇಶ ಪಡೆದವರ ಸರಾಸರಿ 3.7ನ್ನು ದಾಟಿದೆ. ವಿಷಯವನ್ನು ಮತ್ತೆ ಓದಿ 'ಎ' ತೆಗೆದರೂ ಅರ್ಜಿಯ ಲೆಕ್ಕದಲ್ಲಿ ಹಳೆಯ 'ಸಿ' ಅಳಿಸಿಹೋಗುವುದಿಲ್ಲ, ಎರಡನ್ನೂ ಸೇರಿಸಿಯೇ ಸರಾಸರಿ ತೆಗೆಯುತ್ತಾರೆ. ಹದಿನೆಂಟರ ಹುಡುಗಿ ಮನೆಯಿಂದ ಮೊದಲ ಸಲ ದೂರ ಇದ್ದು, ಬಟ್ಟೆ ಒಗೆಯುವುದರಿಂದ ಹಿಡಿದು ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಆ ಹದಿನೈದು ವಾರದಲ್ಲಿ ಇಂಥ ಪಣಕ್ಕೆ ಬೀಳುವುದರಲ್ಲಿ ಯಾವ ಜಾಣತನವೂ ನನಗೆ ಕಾಣುವುದಿಲ್ಲ.

ಇದು ಬರಿಯ ಅಂಕಗಣಿತವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಬಾರ್ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನ, ಡಾಕ್ಟರಾಗಬೇಕೆಂದು ಕಾಲೇಜಿಗೆ ಬಂದವರು ಮೊದಲ ಒಂದೆರಡು ವರ್ಷದಲ್ಲೇ ಏಕೆ ಮನಸ್ಸು ಬದಲಾಯಿಸುತ್ತಾರೆ ಎಂದು ಹುಡುಕಿತು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳಿದ ಕಾರಣ ರಸಾಯನಶಾಸ್ತ್ರದ ತರಗತಿ. ಹೆಣ್ಣುಮಕ್ಕಳಲ್ಲಿ, ಹಿಂದುಳಿದ ಸಮುದಾಯಗಳಿಂದ ಬಂದವರಲ್ಲಿ ಆಸಕ್ತಿ ಇನ್ನೂ ಹೆಚ್ಚು ಕುಗ್ಗಿತ್ತು. ಅವರು ರೋಗಿಗಳನ್ನು ನೋಡಿ ಹೆದರಿ ಬಿಟ್ಟವರಲ್ಲ, ರಕ್ತ ನೋಡಲಾರದೆ ಬಿಟ್ಟವರಲ್ಲ. ಆಸ್ಪತ್ರೆಯ ಹೊಸ್ತಿಲು ತುಳಿಯುವ ಮೊದಲೇ, ನೂರಾರು ಜನರ ಉಪನ್ಯಾಸ ಕೊಠಡಿಯಲ್ಲಿ ಕೂತು, ಇದು ನನ್ನಿಂದಾಗದು ಎಂದುಕೊಂಡವರು. ಇವರಲ್ಲಿ ಎಷ್ಟು ಜನ ಒಳ್ಳೆಯ ವೈದ್ಯರಾಗುತ್ತಿದ್ದರೋ! ರಸಾಯನಶಾಸ್ತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಸಾವಯವ ರಸಾಯನವನ್ನು ನಿಧಾನವಾಗಿ ಕಲಿತರೆ ಅದು ಬಾಯಿಪಾಠದ ವಿಷಯವೇ ಅಲ್ಲ. ಕಾಗದದ ಮೇಲೆ ಬಿಲ್ಲಿನಂತೆ ಬಾಗಿದ ಒಂದು ಪುಟ್ಟ ಬಾಣ, ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ತೋರಿಸುತ್ತದೆ. ಎಲೆಕ್ಟ್ರಾನ್ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ — ಈ ಒಂದು ನಡೆ ಮನಸ್ಸಿಗೆ ಹತ್ತಿದರೆ ಇನ್ನೂರು ಕ್ರಿಯೆಗಳು ಇಪ್ಪತ್ತಾಗಿ ಕಾಣುತ್ತವೆ. ಅದು ಹತ್ತಲು ದಿನ ಬೇಕು, ತಪ್ಪು ಮಾಡಿ ಅಳಿಸಿ ಮತ್ತೆ ಬರೆಯುವ ಬಿಡುವು ಬೇಕು. ಮೂರು ಪ್ರಯೋಗಾಲಯಗಳ ನಡುವೆ ಓಡುವವಳಿಗೆ ಆ ಬಿಡುವೆಲ್ಲಿದೆ? ಅವಳು ಇನ್ನೂರನ್ನೂ ಉರು ಹೊಡೆಯುತ್ತಾಳೆ, ಪರೀಕ್ಷೆ ಮುಗಿದ ಮಾರನೆಯ ವಾರ ಮರೆಯುತ್ತಾಳೆ.

ಎಂಕ್ಯಾಟ್‌ನ ರಚನೆಯೂ ಇದೇ ಮಾತಿಗೆ ಬಲ ಕೊಡುತ್ತದೆ. ಈಗಿನ ಸ್ವರೂಪ 2015ರಲ್ಲಿ ಬಂದದ್ದು. ನಾಲ್ಕು ಭಾಗ, 230 ಪ್ರಶ್ನೆ, ಬರೆಯುವ ಸಮಯವೇ ಆರೂಕಾಲು ಗಂಟೆ, ಬಿಡುವುಗಳು ಸೇರಿದರೆ ಏಳೂವರೆ. ಅಂಕ 472ರಿಂದ 528ರವರೆಗೆ. ನೀಟ್ ಕಂಡವರಿಗೆ ಇದು ಬೇರೆಯೇ ಜಾತಿಯ ಪರೀಕ್ಷೆ ಅನ್ನಿಸುತ್ತದೆ. ನಾಲ್ಕರಲ್ಲಿ ಒಂದು ಭಾಗದಲ್ಲಿ ವಿಜ್ಞಾನದ ಒಂದು ಪ್ರಶ್ನೆಯೂ ಇಲ್ಲ. 90 ನಿಮಿಷದಲ್ಲಿ ಒಂಬತ್ತು ಗದ್ಯಭಾಗ ಓದಿ 53 ಪ್ರಶ್ನೆಗೆ ಉತ್ತರಿಸಬೇಕು. ಗದ್ಯ ಶಿಲ್ಪಕಲೆಯ ಮೇಲಿರಬಹುದು, ನೀತಿಶಾಸ್ತ್ರದ ಮೇಲಿರಬಹುದು, ಯಾವುದೋ ದೇಶದ ಚರಿತ್ರೆಯ ಮೇಲಿರಬಹುದು. ಹೊರಗಿನ ತಿಳಿವಳಿಕೆ ಬೇಕಿಲ್ಲ. ಬರೆದವನು ಇಲ್ಲಿ ಏನನ್ನು ಒಪ್ಪಿದ್ದಾನೆ, ಎಲ್ಲಿ ಒಪ್ಪಿದಂತೆ ಮಾಡಿ ಬಿಟ್ಟುಕೊಟ್ಟಿಲ್ಲ, ಅವನ ವಾದ ಯಾವ ಮಾತಿನ ಮೇಲೆ ನಿಂತಿದೆ — ಇಷ್ಟೇ ಕೇಳುತ್ತಾರೆ. ಒಂದು ಗದ್ಯಕ್ಕೆ ಹತ್ತು ನಿಮಿಷ. ಇದಕ್ಕೆ ಉರು ಹೊಡೆಯಲು ಸೂತ್ರವಿಲ್ಲ. ವಿಜ್ಞಾನದಲ್ಲಿ ಮುಂದಿರುವ ಎಷ್ಟೋ ಮಕ್ಕಳು ತಿಣುಕುವುದು ಈ ಭಾಗದಲ್ಲೇ. ಎರಡು ಮೂರು ವರ್ಷ ವಾರವಾರ ಕಷ್ಟದ ಪುಸ್ತಕ ಓದಿ, ಅದರ ಮೇಲೆ ನಾಲ್ಕು ಪುಟ ಬರೆದು, ಮೇಷ್ಟ್ರು ಕೆಂಪು ಶಾಯಿಯಲ್ಲಿ ಪ್ರಶ್ನಿಸಿದ್ದನ್ನು ತಿದ್ದಿ ಬರೆದವಳಿಗೆ ಅದು ಅಷ್ಟು ಕಷ್ಟವಲ್ಲ. ಚರಿತ್ರೆಯ ತರಗತಿಯನ್ನೋ ತತ್ತ್ವಶಾಸ್ತ್ರದ ತರಗತಿಯನ್ನೋ "ಡಾಕ್ಟ್ರಾಗೋರಿಗೆ ಇದ್ಯಾಕೆ" ಎಂದು ಬಿಡಿಸುವ ತಂದೆತಾಯಿ, ಮಗಳಿಗೆ ಮುಂದೆ ಬೇಕಾಗುವ ಅಭ್ಯಾಸವನ್ನೇ ತಪ್ಪಿಸಿಬಿಡುತ್ತಾರೆ.

ಹಾಗಿದ್ದರೆ ಮುಖ್ಯ ವಿಷಯವಾಗಿ ಏನು ಓದಬೇಕು? ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜೀವವಿಜ್ಞಾನದವರು. ಆದರೆ ಅಮೆರಿಕದ ವೈದ್ಯಶಾಲೆಗಳ ಒಕ್ಕೂಟ ವರ್ಷವರ್ಷ ಪ್ರಕಟಿಸುವ ಪಟ್ಟಿ ನೋಡಿದರೆ, ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರ ಓದಿ ಅರ್ಜಿ ಹಾಕಿದವರು ಆಯ್ಕೆಯ ಪ್ರಮಾಣದಲ್ಲಿ ಜೀವವಿಜ್ಞಾನದವರಿಗಿಂತ ಹಿಂದೆ ಬಿದ್ದಿಲ್ಲ. ಇದಕ್ಕೆ ಒಂದು ಆಕ್ಷೇಪವುಂಟು, ಅದು ಸರಿಯಾದ ಆಕ್ಷೇಪವೇ: ಸಾಹಿತ್ಯ ಓದುತ್ತ ವಿಜ್ಞಾನವನ್ನೂ ನಿಭಾಯಿಸುವವರು ಮೊದಲೇ ಗಟ್ಟಿಗರು, ಕೈಲಾಗದವರು ಅರ್ಜಿಯವರೆಗೆ ಬರುವುದೇ ಇಲ್ಲ, ಆದ್ದರಿಂದ ಆ ಅಂಕಿಯಿಂದ ಸಾಹಿತ್ಯ ಓದಿದರೆ ಸೀಟು ಸಿಗುತ್ತದೆ ಎಂದು ಹೇಳಲಾಗದು. ಒಪ್ಪುತ್ತೇನೆ. ಹಾಗಾದರೆ ಇನ್ನೊಂದು ಸಾಕ್ಷ್ಯ ನೋಡೋಣ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಶಾಲೆ 1987ರಲ್ಲಿ ಒಂದು ದಿಟ್ಟ ಪ್ರಯೋಗ ಆರಂಭಿಸಿತು. ಮಾನವಿಕ ವಿಷಯ ಓದುವ ಮಕ್ಕಳನ್ನು ಕಾಲೇಜಿನ ಎರಡನೆಯ ವರ್ಷದಲ್ಲೇ ಆರಿಸಿ ಸೀಟು ಕಾದಿರಿಸಿತು. ಅವರಿಗೆ ಎಂಕ್ಯಾಟ್ ಇಲ್ಲ, ಭೌತಶಾಸ್ತ್ರ ಇಲ್ಲ, ಸಾವಯವ ರಸಾಯನದ ಪೂರ್ಣ ತರಗತಿ ಇಲ್ಲ. ಬೇಸಿಗೆಯಲ್ಲಿ ಒಂದು ಚಿಕ್ಕ ಪಾಠ ಅಷ್ಟೇ. 2010ರಲ್ಲಿ ಪ್ರಕಟವಾದ ಅಧ್ಯಯನ ಇಂಥ 85 ಮಂದಿಯನ್ನು ಮಾಮೂಲು ದಾರಿಯಲ್ಲಿ ಬಂದ 606 ಮಂದಿಯ ಪಕ್ಕ ಇಟ್ಟು ನೋಡಿತು. ಮೊದಲ ಹಂತದ ಲೈಸೆನ್ಸ್ ಪರೀಕ್ಷೆಯಲ್ಲಿ ಇವರ ಅಂಕ ತುಸು ಕಡಿಮೆ, ನಡುವೆ ರಜೆ ತೆಗೆದುಕೊಂಡವರು ತುಸು ಹೆಚ್ಚು. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ನಡುವೆ ಮಾಡುವ ಕೆಲಸದಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಮನೋವೈದ್ಯಕ್ಕೆ, ಸಾಮಾನ್ಯ ಚಿಕಿತ್ಸೆಗೆ ಹೋಗುವವರು ಅವರಲ್ಲಿ ಹೆಚ್ಚಿದ್ದರು, ದೇಶಕ್ಕೆ ಕೊರತೆಯಿರುವುದೂ ಅಂಥವರದೇ. ಇಷ್ಟರಿಂದ ವಿಜ್ಞಾನ ಬೇಡ ಎಂದು ತೀರ್ಮಾನಿಸುವುದು ಅತಿಯಾಯಿತು. ಆದರೆ ಜೀವಶಾಸ್ತ್ರ ಮುಖ್ಯ ವಿಷಯವಾಗದಿದ್ದರೆ ಬಾಗಿಲು ಮುಚ್ಚಿತು ಎಂಬ ಭಯಕ್ಕೆ ಆಧಾರವಿಲ್ಲ. ಪ್ರೀತಿಯಿಂದ ಓದುವ ವಿಷಯದಲ್ಲಿ ಅಂಕ ತಾನಾಗಿ ಬರುತ್ತದೆ. ಜೀವಶಾಸ್ತ್ರವನ್ನೇ ಪ್ರೀತಿಸುವವಳು ಅದನ್ನೇ ಓದಲಿ.

ಲೂಯಿಸ್ ಥಾಮಸ್ ಎಂಬ ಹೆಸರಾಂತ ವೈದ್ಯ-ಲೇಖಕ 1978ರಲ್ಲೇ ಈ ಪ್ರಿಮೆಡ್ ಅವಸರದ ಮೇಲೆ ಕಟುವಾಗಿ ಬರೆದ. ಪ್ರಾಚೀನ ಗ್ರೀಕ್ ಭಾಷೆಯನ್ನು ಕಾಲೇಜು ಓದಿನ ನಡುಗಂಬ ಮಾಡಬೇಕು, ತಮ್ಮನ್ನು ಪ್ರಿಮೆಡ್ ಎಂದು ಕರೆದುಕೊಳ್ಳುವವರನ್ನು ವೈದ್ಯಶಾಲೆಗಳು ತಿರಸ್ಕರಿಸಬೇಕು ಎನ್ನುವವರೆಗೆ ಹೋದ. ನಾನು ಅಷ್ಟು ದೂರ ಹೋಗಲಾರೆ. ಆದರೆ ಭಾಷೆಗೂ ಡಾಕ್ಟರಿಕೆಗೂ ಇರುವ ನಂಟನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. 1942ರಲ್ಲಿ 'ಕೊರವಂಜಿ' ಪತ್ರಿಕೆ ಹುಟ್ಟುಹಾಕಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಅನುಪಮಾ ನಿರಂಜನ ವೈದ್ಯೆ, ಕಾದಂಬರಿಕಾರ್ತಿ. ರೋಗಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ಮಾತಿನಲ್ಲಿ. "ಎದೆ ಹಿಡ್ಕೊಂಡ ಹಾಗೆ" ಎನ್ನುವುದಕ್ಕೂ "ಎದೆ ಉರಿ" ಎನ್ನುವುದಕ್ಕೂ ಇರುವ ವ್ಯತ್ಯಾಸ ಗೊತ್ತಾಗದ ಕಿವಿಗೆ ಯಾವ ಯಂತ್ರವೂ ಪೂರ್ತಿ ನೆರವಾಗದು.

ಇನ್ನು ತರಗತಿಯ ಹೊರಗಿನ ಕೆಲಸ. ಅರ್ಜಿಯಲ್ಲಿ ಇದಕ್ಕೆ ಹದಿನೈದು ಜಾಗಗಳಿವೆ. ಪ್ರತಿಯೊಂದಕ್ಕೂ ಕೆಲಸದ ಹೆಸರು, ಶುರುವಾದ ತಿಂಗಳು, ಮುಗಿದ ತಿಂಗಳು, ಒಟ್ಟು ಗಂಟೆ, ವಿಚಾರಿಸಬಹುದಾದ ಒಬ್ಬರ ಹೆಸರು. ವಿವರಣೆಗೆ 700 ಅಕ್ಷರ, ಖಾಲಿ ಜಾಗಗಳೂ ಸೇರಿ. ಕೈಬರಹದಲ್ಲಿ ಕೆಲವೇ ಸಾಲು. ಮೂರು ಕೆಲಸಗಳನ್ನು ಮಾತ್ರ ಬಹಳ ಅರ್ಥಪೂರ್ಣ ಎಂದು ಗುರುತಿಸಿ ಇನ್ನೂ 1325 ಅಕ್ಷರ ಬರೆಯಬಹುದು. ಈ ನಮೂನೆಯನ್ನು ಮೊದಲ ವರ್ಷದಲ್ಲೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು, ಏಕೆಂದರೆ ಅದು ತಾನೇ ಬುದ್ಧಿ ಹೇಳುತ್ತದೆ. ಹದಿನೈದು ಖಾನೆ ಇದೆಯೆಂದು ಹದಿನೈದು ಕಡೆ ಎಂಟೆಂಟು ಗಂಟೆ ಕೆಲಸ ಮಾಡಿದವಳ ಬಳಿ 1325 ಅಕ್ಷರ ತುಂಬುವ ಸರಕು ಇರುವುದಿಲ್ಲ. ವಾರಕ್ಕೆ ಮೂರು ಗಂಟೆಯಂತೆ ಮೂರು ವರ್ಷ ಒಂದೇ ವೃದ್ಧಾಶ್ರಮಕ್ಕೆ ಹೋದವಳಿಗೆ ಬರೆಯುವುದು ಬೇಕಾದಷ್ಟಿರುತ್ತದೆ: ಮೊದಲ ತಿಂಗಳು ಮುಖ ತಿರುಗಿಸುತ್ತಿದ್ದ ಮುದುಕ ಯಾವಾಗ ಇಸ್ಪೀಟಿಗೆ ಕರೆದ, ಅವನ ಹಾಸಿಗೆ ಖಾಲಿಯಾದ ದಿನ ದಾದಿಯರು ಏನು ಮಾಡಿದರು. ಭಾನುವಾರದ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವುದೂ ಈ ಖಾನೆಗೆ ಸಲ್ಲುತ್ತದೆ. ನಮ್ಮ ಮಕ್ಕಳು ಅದನ್ನು ಮನೆಯ ವಿಷಯವೆಂದು ಬಿಟ್ಟುಬಿಡಬಾರದು. ಉತ್ತರ ತಾನೇ ಹೇಳಿಬಿಡದೆ ಕಾಯುವ ಸಹನೆ, ತಪ್ಪಿದರೂ ಗದರದ ಅಭ್ಯಾಸ ಎರಡೂ ರೋಗಿಗಳ ಮುಂದೆ ಬೇಕಾಗುವಂಥವೇ. ಇದಕ್ಕೂ ಮೊದಲು, ಆಸ್ಪತ್ರೆಯ ಕೆಲಸ ತನಗೆ ಒಗ್ಗುತ್ತದೆಯೇ ಎಂದು ಅವಳಿಗೆ ತಿಳಿಯಬೇಕು. ಡಾಕ್ಟರ ಬೆನ್ನ ಹಿಂದೆ ನಿಂತು ನೋಡುವುದು, ರೋಗಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವುದು, ಆಂಬುಲೆನ್ಸ್ ತರಬೇತಿ ಪಡೆದು ರಾತ್ರಿ ಪಾಳಿ ಮಾಡುವುದು ಅದಕ್ಕಾಗಿ. ಒಗ್ಗದು ಎಂದು ಎರಡನೆಯ ವರ್ಷದಲ್ಲಿ ಗೊತ್ತಾದರೆ ಅದನ್ನು ಸೋಲೆನ್ನಬಾರದು. ಮೂವತ್ತರಲ್ಲಿ ಗೊತ್ತಾಗುವುದಕ್ಕಿಂತ ಎಷ್ಟೋ ಮೇಲು.

ನಮ್ಮವರಿಗೆ ನುಂಗಲು ಎಲ್ಲಕ್ಕಿಂತ ಕಷ್ಟವಾಗುವ ಮಾತು ಮುಂದಿನದು. ಪದವಿಗೂ ಮೆಡಿಕಲ್ ಸ್ಕೂಲಿಗೂ ನಡುವೆ ಒಂದೋ ಎರಡೋ ವರ್ಷ ಬಿಡುವು ತೆಗೆದುಕೊಳ್ಳುವುದು. ಅಲ್ಲಿ ಅದನ್ನು ಗ್ಯಾಪ್ ಇಯರ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದು "ವರ್ಷ ಹಾಳು". ನೀಟ್‌ನಲ್ಲಿ ಸೀಟು ಸಿಗದೆ ಮನೆಯಲ್ಲಿ ಕೂತು ಮತ್ತೆ ಬರೆದವರ ಸಂಕಟವನ್ನು ಕಂಡ ನಮಗೆ ಹಾಗನ್ನಿಸುವುದು ಸಹಜವೇ. ಆದರೆ ಅಲ್ಲಿ ಇಂದು ಮೆಡಿಕಲ್ ಸ್ಕೂಲು ಸೇರುವವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಜನ ಹೀಗೆ ಒಂದಾದರೂ ವರ್ಷ ಕಳೆದೇ ಬಂದವರು. ಅವರು ಸುಮ್ಮನೆ ಕೂತವರಲ್ಲ. ಡಾಕ್ಟರ ಪಕ್ಕ ಕೂತು ರೋಗಿಯ ವಿವರವನ್ನು ಬೆರಳಚ್ಚು ಮಾಡುವ ಸ್ಕ್ರೈಬ್, ಪ್ರಯೋಗಾಲಯದ ಸಹಾಯಕ, ಶಾಲೆಯ ಮೇಷ್ಟ್ರು — ಸಂಬಳದ ಕೆಲಸ ಮಾಡಿದವರು. ಈ ಬಿಡುವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರೆ ಇಡೀ ಯೋಜನೆಯ ಉಸಿರುಗಟ್ಟು ಹೋಗುತ್ತದೆ. ರಸಾಯನದ ಸರಪಳಿಯನ್ನು ಎರಡನೆಯ ವರ್ಷದಲ್ಲಿ ಶುರು ಮಾಡಿದರೂ ನಡೆಯುತ್ತದೆ. ನಾಲ್ಕನೆಯ ವರ್ಷದ ಅಂಕಗಳೂ ಅರ್ಜಿಯಲ್ಲಿ ಕಾಣುತ್ತವೆ. ಎಂಕ್ಯಾಟ್‌ಗೆ ಒಂದು ಇಡೀ ಬೇಸಿಗೆ ಸಿಗುತ್ತದೆ. ಅದನ್ನು ಒಂದು ವರ್ಷದಲ್ಲಿ ಮೂರು ಸಲಕ್ಕಿಂತ, ಜೀವಮಾನದಲ್ಲಿ ಏಳು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಬರೆದ ಪ್ರತಿ ಸಲದ ಅಂಕವೂ ಶಾಲೆಗಳಿಗೆ ಕಾಣುತ್ತದೆ. "ಒಂದ್ಸಲ ಬರೆದು ನೋಡೋಣ" ಎಂಬ ಧೈರ್ಯಕ್ಕೆ ಇಲ್ಲಿ ಬೆಲೆ ತೆರಬೇಕಾಗುತ್ತದೆ.

ಇಲ್ಲಿ ಒಬ್ಬ ಕೇಳುಗರು ಎದ್ದು ಕೇಳಬಹುದು: ನಮ್ಮ ಮೈಸೂರು, ಮಣಿಪಾಲ, ಬೆಂಗಳೂರಿನ ಕಾಲೇಜುಗಳು ಈ ನಾಲ್ಕು ವರ್ಷವಿಲ್ಲದೆಯೇ ಒಳ್ಳೊಳ್ಳೆಯ ಡಾಕ್ಟರರನ್ನು ಕೊಟ್ಟಿಲ್ಲವೇ? ಅವರಲ್ಲಿ ಎಷ್ಟೋ ಜನ ಅಮೆರಿಕದ ಆಸ್ಪತ್ರೆಗಳಲ್ಲೇ ಹೆಸರು ಮಾಡಿಲ್ಲವೇ? ಖಂಡಿತ ಕೊಟ್ಟಿವೆ, ಮಾಡಿದ್ದಾರೆ. ಒಳ್ಳೆಯ ವೈದ್ಯರಾಗಲು ಮೊದಲು ಪದವಿ ಮಾಡಲೇಬೇಕು ಎಂದು ನಾನು ವಾದಿಸುತ್ತಿಲ್ಲ. ನಮ್ಮ ಪದ್ಧತಿಯ ಲಾಭ ವೇಗ ಮತ್ತು ಕಡಿಮೆ ಖರ್ಚು. ಅಲ್ಲಿಯ ಪದ್ಧತಿಯ ಲಾಭ ವಿಸ್ತಾರ, ಮನಸ್ಸು ಬದಲಾಯಿಸುವ ಅವಕಾಶ. ಅಲ್ಲಿದ್ದುಕೊಂಡು ಆ ನಾಲ್ಕು ವರ್ಷವನ್ನು ಕೋಚಿಂಗ್ ಸೆಂಟರಿನಂತೆ ಕಳೆದರೆ ವೇಗವೂ ಇಲ್ಲ, ವಿಸ್ತಾರವೂ ಇಲ್ಲ. ಹೈಸ್ಕೂಲಿನಿಂದಲೇ ಎಂಟು ವರ್ಷಕ್ಕೆ ಸೀಟು ಕೊಡುವ ಕಾರ್ಯಕ್ರಮಗಳೂ ಅಲ್ಲಿವೆ. ರೋಡ್ ಐಲೆಂಡಿನ ಬ್ರೌನ್ ವಿಶ್ವವಿದ್ಯಾಲಯದ್ದು ಪ್ರಸಿದ್ಧ. ನಮ್ಮವರಿಗೆ ಅದರ ಮೇಲೆ ಕಣ್ಣು ಹೆಚ್ಚು. ಆದರೆ ಸೀಟು ಖಚಿತವಾದ ಮಕ್ಕಳಿಗೆ ಬ್ರೌನ್ ಹೇಳುವುದು, ಇನ್ನು ನಿಶ್ಚಿಂತೆಯಿಂದ ನಿಮಗೆ ಬೇಕಾದ ವಿಷಯ ಓದಿ ಎಂದೇ. ಮಧ್ಯದಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಇಲ್ಲಿ ಪಿಯುಸಿ ಮುಗಿಸಿ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ಪ್ರಿಮೆಡ್ ಮಾಡಿ ಡಾಕ್ಟರಾಗುತ್ತೇನೆ ಎನ್ನುವವರಿಗೆ ಈ ದಾರಿ ತೀರ ಇಕ್ಕಟ್ಟು. ಹೊರದೇಶದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದ ಮೆಡಿಕಲ್ ಸ್ಕೂಲುಗಳೇ ಹೆಚ್ಚು. ತೆಗೆದುಕೊಳ್ಳುವ ಕಡೆಯೂ ಸೇರುವವರು ಬೆರಳೆಣಿಕೆ. ಅಂಥವರಿಗೆ ಇಲ್ಲಿಯೇ ಎಂಬಿಬಿಎಸ್ ಮಾಡಿ, ಅಲ್ಲಿಯ ಲೈಸೆನ್ಸ್ ಪರೀಕ್ಷೆ ಬರೆದು ರೆಸಿಡೆನ್ಸಿಗೆ ಹೋಗುವ ಹಳೆಯ ದಾರಿಯೇ ಅಗಲ.

"ನಿಧಾನ ಎನ್ನುತ್ತೀರಿ, ಪೈಪೋಟಿ ನೋಡಿದ್ದೀರಾ?" ಎಂಬುದು ಇನ್ನೊಂದು ಆಕ್ಷೇಪ. ಈಚಿನ ವರ್ಷಗಳಲ್ಲಿ ಅರ್ಜಿ ಹಾಕುವವರು ಸುಮಾರು 52 ಸಾವಿರ, ಸೇರುವವರು ಸುಮಾರು 23 ಸಾವಿರ. ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ವರ್ಷ ಸೀಟಿಲ್ಲ. ಇದನ್ನು ಮುಂದಿಟ್ಟುಕೊಂಡು ಇನ್ನಷ್ಟು ಬೇಗ ಓಡಿ ಎನ್ನುತ್ತಾರೆ. ನಾನು ಅದೇ ಅಂಕಿಯನ್ನು ಹಿಡಿದು ಬೇರೆ ಮಾತು ಹೇಳುತ್ತೇನೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಗದ ವಸ್ತುವಿಗಾಗಿ ನಾಲ್ಕು ವರ್ಷದ ಪ್ರತಿ ತರಗತಿ, ಪ್ರತಿ ರಜೆ, ಪ್ರತಿ ಗೆಳೆತನವನ್ನು ಒತ್ತೆ ಇಟ್ಟರೆ, ಸಿಗದ ದಿನ ಕೈಯಲ್ಲಿ ಉಳಿಯುವುದೇನು? ಸಂಖ್ಯಾಶಾಸ್ತ್ರವನ್ನು ಮನಸ್ಸಿಟ್ಟು ಓದಿದವಳಿಗೆ ಸಾರ್ವಜನಿಕ ಆರೋಗ್ಯದಲ್ಲಿ ಕೆಲಸವಿದೆ. ರಸಾಯನಶಾಸ್ತ್ರದ ರುಚಿ ಹತ್ತಿದವನಿಗೆ ಔಷಧ ಸಂಶೋಧನೆಯಿದೆ. ಅವರು ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು, ಹಾಕದೆಯೂ ಇರಬಹುದು. ಎರಡನ್ನೂ ತಲೆಯೆತ್ತಿ ಮಾಡಬಲ್ಲರು. ಬರಿಯ ಅರ್ಜಿಗಾಗಿ ಓದಿದವರಿಗೆ ಆ ಆಯ್ಕೆಯೇ ಇರುವುದಿಲ್ಲ.

ಕೊನೆಯದಾಗಿ ದುಡ್ಡಿನ ಮಾತು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ನಿಧಾನ ಎಂಬುದು ಉಳ್ಳವರ ಸೌಭಾಗ್ಯ ಎಂಬ ಟೀಕೆಯಲ್ಲಿ ಸತ್ಯವಿದೆ. ಸಾಲ ಮಾಡಿ ಮೆಡಿಕಲ್ ಸ್ಕೂಲು ಮುಗಿಸಿದವರನ್ನು ಕಡಿಮೆ ಸಾಲದಿಂದ ಹೆಚ್ಚು ಸಾಲದವರೆಗೆ ಜೋಡಿಸಿ ನಿಲ್ಲಿಸಿದರೆ, ನಟ್ಟನಡುವೆ ನಿಂತವರ ತಲೆಯ ಮೇಲೆ ಸುಮಾರು 2 ಲಕ್ಷ ಡಾಲರ್ ಇರುತ್ತದೆ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ನಿಲ್ಲುತ್ತದೆ. ಉಳಿದದ್ದಕ್ಕೆ ಖಾಸಗಿ ಬ್ಯಾಂಕಿನ ಬಡ್ಡಿ. ಒಂದು ವರ್ಷ ತಡವಾದರೆ ಡಾಕ್ಟರ ಸಂಬಳದ ಒಂದು ವರ್ಷ ಕಡಿಮೆ ಎಂಬುದೂ ನಿಜ. ಆದರೆ ಅವಸರದ ಲೆಕ್ಕವನ್ನೂ ಬರೆಯಬೇಕಲ್ಲ. ಸಿದ್ಧವಿಲ್ಲದೆ ಅರ್ಜಿ ಹಾಕಿ ತಿರಸ್ಕೃತರಾದರೆ ಇಪ್ಪತ್ತು ಶಾಲೆಗಳ ಶುಲ್ಕವೂ ಹೋಯಿತು, ಆ ವರ್ಷವೂ ಹೋಯಿತು. ಕೈಯಲ್ಲಿ ಹಣವಿಲ್ಲದ ಮನೆಗೆ ಈ ಹೊಡೆತವೇ ದೊಡ್ಡದು. ಅಂಥವರು ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿ ಓದಿ, ಸಾಲವನ್ನು ಮೆಡಿಕಲ್ ಸ್ಕೂಲಿಗೆ ಉಳಿಸಿಕೊಳ್ಳಬಹುದು. ಬಿಡುವಿನ ವರ್ಷವನ್ನು ಸಂಬಳದ ಕೆಲಸದಲ್ಲೇ ಕಳೆಯಬಹುದು. ವೈದ್ಯಶಾಲೆಗಳ ಒಕ್ಕೂಟವೇ ಕಡಿಮೆ ಆದಾಯದ ಮನೆಗಳಿಗೆ ನೆರವು ಕೊಡುತ್ತದೆ: ಎಂಕ್ಯಾಟ್ ಶುಲ್ಕದಲ್ಲಿ ದೊಡ್ಡ ರಿಯಾಯಿತಿ, ಇಪ್ಪತ್ತು ಶಾಲೆಗಳವರೆಗೆ ಅರ್ಜಿ ಶುಲ್ಕ ಮಾಫಿ. ಆದರೆ ಮೊದಲು ಕಟ್ಟಿದ ದುಡ್ಡನ್ನು ಅವರು ಹಿಂದಿರುಗಿಸುವುದಿಲ್ಲ. ಆದ್ದರಿಂದ ಎಂಕ್ಯಾಟ್‌ಗೆ ಹೆಸರು ನೋಂದಾಯಿಸುವ ಮೊದಲೇ, ಮನೆಯ ಆದಾಯ ತೆರಿಗೆಯ ಕಾಗದಗಳನ್ನು ಜೋಡಿಸಿಕೊಂಡು, ಈ ನೆರವಿನ ಅರ್ಜಿಯನ್ನು ಹಾಕಿರಬೇಕು.